ಪಿಡಿಎಫ್‌ನಲ್ಲಿ ಗುರುತು ಹಾಕಿದ ಸಾಲು, ಬರೆದ ಟಿಪ್ಪಣಿ ಹೊರಗೆ ತೆಗೆಯುವುದು ಹೇಗೆ? ಖರ್ಚಿಲ್ಲದ ದಾರಿ ಬೇಕು

ಶಾಸನದ ವಿದ್ಯಾರ್ಥಿನಿ, ಹಾಸನ
ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಕೆರೆಗಳ ಬಗ್ಗೆ ಹೊಯ್ಸಳರ ಕಾಲದ ಶಾಸನಗಳು ಏನು ಹೇಳುತ್ತವೆ ಎಂದು ಸಂಶೋಧನೆ ಮಾಡುತ್ತಿದ್ದೇನೆ. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟ ಹಾಸನ ಜಿಲ್ಲೆಯದು, 1902ರಲ್ಲಿ ಬಂದದ್ದು. 6ನೇ ಸಂಪುಟ ಆಗಿನ ಕಡೂರು ಜಿಲ್ಲೆಯದು, ಅಂದರೆ ಇವತ್ತಿನ ಚಿಕ್ಕಮಗಳೂರು. ಎರಡೂ ಸ್ಕ್ಯಾನ್ ಆಗಿ ಸಿಗುತ್ತವೆ. ಇವುಗಳ ಜೊತೆ ಕನ್ನಡದ ಸಂಶೋಧನಾ ಲೇಖನಗಳು, ಹಳೆ ಪ್ರಬಂಧಗಳು, ಇಂಗ್ಲಿಷ್ ಪತ್ರಿಕೆಗಳ ಲೇಖನಗಳು ಇವೆ. ಎಲ್ಲವೂ ಪಿಡಿಎಫ್.

ಓದುವಾಗ ಬಣ್ಣ ಬಣ್ಣದ ಗುರುತು ಹಾಕಿದ್ದೇನೆ. ಬಿತ್ತುವಟ್ಟ, ಕಟ್ಟುಕೊಡಗೆ ಅಂಥ, ಕೆರೆಗಾಗಿ ಬಿಟ್ಟ ಭೂಮಿಯ ದತ್ತಿಗಳು ಬಂದ ಕಡೆ ಹಳದಿ. ಕೆರೆ ಕಟ್ಟಿಸಿದವರ ಹೆಸರು ಬಂದ ಕಡೆ ಹಸಿರು. ಪಕ್ಕದಲ್ಲಿ ಸಣ್ಣ ಟಿಪ್ಪಣಿಯೂ ಇದೆ. ಈಗ ಅಧ್ಯಾಯ ಬರೆಯಲು ಕೂತಿದ್ದೇನೆ. ಪ್ರತಿ ಫೈಲ್ ತೆರೆದು, ಪುಟ ತಿರುಗಿಸಿ, ಸಾಲು ಕಾಪಿ ಮಾಡುವುದರಲ್ಲೇ ಹೊತ್ತು ಹೋಗುತ್ತಿದೆ. ಗುರುತು ಹಾಕಿದ್ದೆಲ್ಲ ಪುಟಸಂಖ್ಯೆ ಸಮೇತ ಒಂದೇ ಕಡೆ ಬರಬೇಕು. ತಿಂಗಳಿಗೆ ಇಷ್ಟು ಅಂತ ದುಡ್ಡು ಕೇಳುವ ಸೇವೆ ನನ್ನ ಕೈಗೆ ಎಟುಕುವುದಿಲ್ಲ. ಫೈಲ್ ಅಪ್‌ಲೋಡ್ ಮಾಡಿ ಎನ್ನುವ ವೆಬ್‌ಸೈಟ್‌ಗಳೂ ಬೇಡ. ಇನ್ನೂ ಅಚ್ಚಾಗದ ಲೇಖನಗಳು ಅದರಲ್ಲಿವೆ. ವಿಂಡೋಸ್ ಲ್ಯಾಪ್‌ಟಾಪ್ ಇದೆ, ಆಂಡ್ರಾಯ್ಡ್ ಫೋನ್ ಇದೆ. ತಿಳಿದವರು ದಾರಿ ಹೇಳಿ.

ಲೈಬ್ರರಿ ಮೇಷ್ಟ್ರು, ಹಾಸನ
ತಂಗಿ, ನಿಮ್ಮ ಕೆಲಸಕ್ಕೆ ಜೊಟೆರೊ ಸರಿಯಾಗಿ ಹೊಂದುತ್ತದೆ. ಪೂರ್ತಿ ಉಚಿತ, ಮುಕ್ತ ತಂತ್ರಾಂಶ. 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರದಲ್ಲಿ ಶುರುವಾದದ್ದು, ಹಾಗಾಗಿ ಇತಿಹಾಸ ಓದುವವರ ಕಷ್ಟ ಅದಕ್ಕೆ ಗೊತ್ತು. ಮೊದಲು ಬರೀ ಆಕರಗಳ ಪಟ್ಟಿ ಇಡುವ ಸಾಧನವಾಗಿತ್ತು. 2022ರಲ್ಲಿ ಬಂದ 6ನೇ ಆವೃತ್ತಿಯಿಂದ ಪಿಡಿಎಫ್ ಅನ್ನು ಅದರೊಳಗೇ ಓದಬಹುದು, ಗುರುತು ಹಾಕಬಹುದು. 2024ರ 7ನೇ ಆವೃತ್ತಿಯಲ್ಲಿ ಇ-ಪಬ್ ಪುಸ್ತಕ ಮತ್ತು ಉಳಿಸಿಟ್ಟ ವೆಬ್ ಪುಟಗಳೂ ಸೇರಿದವು.

ಮಾಡಬೇಕಾದ್ದು ಇಷ್ಟು. ಪಿಡಿಎಫ್ ಅನ್ನು ಎಳೆದು ಜೊಟೆರೊ ಒಳಗೆ ಬಿಡಿ. ಅದರ ಮೇಲೆ ಲೇಖಕರು, ವರ್ಷ ಇರುವ ನಮೂದು ಇಲ್ಲದಿದ್ದರೆ ಬಲಗಡೆ ಕ್ಲಿಕ್ ಮಾಡಿ ‘ಕ್ರಿಯೇಟ್ ಪೇರೆಂಟ್ ಐಟಂ’ ಕೊಟ್ಟು ತುಂಬಿಸಿ. ಆಮೇಲೆ ಆ ನಮೂದಿನ ಮೇಲೆ ಬಲಗಡೆ ಕ್ಲಿಕ್ ಮಾಡಿ, ‘ಆಡ್ ನೋಟ್ ಫ್ರಮ್ ಅನೋಟೇಶನ್ಸ್’ ಆರಿಸಿ. ಗುರುತು ಹಾಕಿದ ಸಾಲುಗಳೆಲ್ಲ ಪುಟಸಂಖ್ಯೆ ಸಮೇತ ಒಂದು ನೋಟ್ ಆಗಿ ಬರುತ್ತವೆ. ಒಂದೊಂದು ಸಾಲಿನ ಮುಂದೆ ಇರುವ ಕೊಂಡಿ ಒತ್ತಿದರೆ ಪಿಡಿಎಫ್‌ನ ಅದೇ ಜಾಗಕ್ಕೆ ಹೋಗುತ್ತದೆ. ಅಧ್ಯಾಯ ಬರೆಯುವಾಗ ‘ಈ ಮಾತು ಯಾವ ಸಂದರ್ಭದಲ್ಲಿ ಬಂತು’ ಎಂದು ನೋಡಲು ಇದಕ್ಕಿಂತ ಬೇಕಾದ್ದು ಇನ್ನೇನಿದೆ! ಆ ನೋಟ್ ಅನ್ನು ಮಾರ್ಕ್‌ಡೌನ್ (ಸರಳ ಚಿಹ್ನೆಗಳಿರುವ ಸಾದಾ ಪಠ್ಯ) ಅಥವಾ ಎಚ್‌ಟಿಎಂಎಲ್ (ವೆಬ್ ಪುಟದ ರೂಪ) ಆಗಿ ಹೊರಗೂ ತೆಗೆಯಬಹುದು.

ಬೇರೆ ಆಪ್‌ನಲ್ಲಿ ಹಾಕಿದ ಹಳೆ ಗುರುತುಗಳೂ ಅಲ್ಲಿ ಬೀಗದ ಚಿಹ್ನೆಯ ಜೊತೆ ಕಾಣುತ್ತವೆ. ತಿದ್ದಲು ಆಗುವುದಿಲ್ಲ, ಆದರೆ ನೋಟ್‌ಗೆ ಬರುತ್ತವೆ. ಬಣ್ಣದ ಪ್ರಕಾರ ಸೋಸಿ ನೋಡುವ ಸೌಲಭ್ಯವೂ ಇದೆ. ನಿಮ್ಮ ಹಳದಿ, ಹಸಿರು ಎರಡೂ ಬೇರೆ ಬೇರೆ ಸಿಗುತ್ತವೆ.

ಲಿನಕ್ಸ್ ಗೆಳೆಯ, ಅರಸೀಕೆರೆ
ಮೇಷ್ಟ್ರ ಮಾತಿಗೆ ಒಂದು ವಿಷಯ ಸೇರಿಸುತ್ತೇನೆ. ಜೊಟೆರೊದಲ್ಲಿ ಹೊಸದಾಗಿ ಹಾಕುವ ಗುರುತು ಪಿಡಿಎಫ್ ಫೈಲ್ ಒಳಗೆ ಕೂರುವುದಿಲ್ಲ. ಜೊಟೆರೊದ ಡೇಟಾಬೇಸ್‌ನಲ್ಲಿ ಕೂರುತ್ತದೆ. ಫೋಲ್ಡರ್‌ನಿಂದ ಆ ಪಿಡಿಎಫ್ ಎತ್ತಿ ಗೈಡ್‌ಗೆ ಕಳುಹಿಸಿದರೆ ಅವರಿಗೆ ಗುರುತಿಲ್ಲದ ಪುಟ ಕಾಣುತ್ತದೆ. ‘ಎಕ್ಸ್‌ಪೋರ್ಟ್ ಪಿಡಿಎಫ್’ ಕೊಟ್ಟು ಹೊಸ ಪ್ರತಿ ಮಾಡಿಸಬೇಕು. ನನಗೆ ಗುರುತು ಫೈಲ್ ಒಳಗೇ ಇರಬೇಕು. ನಾಳೆ ಯಾವ ತಂತ್ರಾಂಶ ಇರುತ್ತದೋ ಹೋಗುತ್ತದೋ, ಫೈಲ್ ನಮ್ಮ ಹತ್ತಿರ ಇರುತ್ತೆ ಅಲ್ವಾ.

ಹಾಗೆ ಬೇಕಾದವರಿಗೆ ಓಕುಲರ್ ಎಂಬ ಪಿಡಿಎಫ್ ಓದುವ ತಂತ್ರಾಂಶ ಇದೆ. ಕೆಡಿಇ ಎಂಬ ಮುಕ್ತ ತಂತ್ರಾಂಶ ಸಮುದಾಯದವರು ಮಾಡಿದ್ದು, ವಿಂಡೋಸ್‌ಗೂ ಸಿಗುತ್ತದೆ. ಸುಮಾತ್ರಾ ಪಿಡಿಎಫ್ ಇನ್ನೂ ಹಗುರ. ಸಾಲು ಆರಿಸಿ ‘ಎ’ ಕೀ ಒತ್ತಿದರೆ ಗುರುತು ಬೀಳುತ್ತದೆ. ಹಳೆ ಲ್ಯಾಪ್‌ಟಾಪ್‌ನಲ್ಲೂ ಚೆನ್ನಾಗಿ ಓಡುತ್ತದೆ. ಇವೆರಡರಲ್ಲೂ ಗುರುತನ್ನು ಪಿಡಿಎಫ್‌ನಲ್ಲೇ ಉಳಿಸಬಹುದು.

ಹೊರಗೆ ತೆಗೆಯಲು ನಾನು ಬಳಸುವುದು ಪಿಡಿಎಫ್‌ಅನಾಟ್ಸ್ ಎಂಬ ಪೈಥಾನ್ ಸಾಧನ. ಕಂಪ್ಯೂಟರಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇದ್ದರೆ, ಅದರ ಜೊತೆ ಬರುವ ಪಿಪ್ ಮೂಲಕ ಒಂದೇ ಸಾಲಿನ ಆದೇಶದಲ್ಲಿ ಬರುತ್ತದೆ. ಅದಕ್ಕೆ ಫೈಲ್ ಹೆಸರು ಕೊಟ್ಟರೆ ಎಲ್ಲ ಗುರುತು, ಟಿಪ್ಪಣಿ ಮಾರ್ಕ್‌ಡೌನ್ ಪಠ್ಯವಾಗಿ ಬರುತ್ತವೆ. ಬೇರೆ ಪ್ರೋಗ್ರಾಂಗಳು ಓದುವ ಜೇಸನ್ ರೂಪದಲ್ಲೂ ತೆಗೆಯಬಹುದು. ಇಂಟರ್ನೆಟ್ ಬೇಡ, ಖಾತೆ ಬೇಡ. ಒಂದು ಫೋಲ್ಡರ್‌ನ ಎಲ್ಲ ಫೈಲ್‌ಗಳಿಗೂ ಒಟ್ಟಿಗೆ ಓಡಿಸಬಹುದು. ನಿಮ್ಮಂಥ ದೊಡ್ಡ ರಾಶಿಗೆ ಇದು ತುಂಬಾ ಅನುಕೂಲ.

ಶಾಸನದ ವಿದ್ಯಾರ್ಥಿನಿ, ಹಾಸನ
ಇಬ್ಬರಿಗೂ ಧನ್ಯವಾದ. ಎರಡೂ ಹಾಕಿ ನೋಡಿದೆ. ಇಂಗ್ಲಿಷ್ ಲೇಖನಗಳು ಚೆನ್ನಾಗಿ ಬಂದವು. ಆದರೆ ಕನ್ನಡದ ಲೇಖನಗಳಲ್ಲಿ ಬರೀ ಗೋಜಲು. ಪುಟದಲ್ಲಿ ಅಚ್ಚುಕಟ್ಟಾಗಿ ಕನ್ನಡ ಕಾಣುತ್ತದೆ, ಹೊರಗೆ ತೆಗೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಬರುತ್ತದೆ. ಇನ್ನು ಕೆಲವು ಫೈಲ್‌ಗಳಲ್ಲಿ ಪುಟಸಂಖ್ಯೆ ಮಾತ್ರ ಬರುತ್ತದೆ, ಸಾಲೇ ಇಲ್ಲ. ಎರಡು ಸಾಧನಗಳಲ್ಲೂ ಅದೇ ಕಥೆ. ಯಾಕೆ ಹೀಗೆ?

ಡಿಟಿಪಿ ಅಣ್ಣ, ಹಾಸನ
ಈ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ನುಡಿ, ಬರಹ, ಪೇಜ್‌ಮೇಕರ್ ಎಂಬ ಕನ್ನಡ ಟೈಪಿಂಗ್, ಪುಟವಿನ್ಯಾಸದ ತಂತ್ರಾಂಶಗಳೇ ನನ್ನ ದಿನದ ಅನ್ನ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ. ಕನ್ನಡದಲ್ಲಿ ಈ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಇದು ಗೊತ್ತಿರಲೇಬೇಕು ಎಂಬುದು ನನ್ನ ಮಾತು.

ಮೊದಲು, ಪಿಡಿಎಫ್‌ನಲ್ಲಿ ಹೈಲೈಟ್ ಅಂದರೆ ಏನು? ಪುಟದ ಮೇಲೆ ಹಾಸಿದ ಗಾಜಿನ ಹಾಳೆಗೆ ಬಣ್ಣ ಬಳಿದ ಹಾಗೆ. ‘ಪುಟದಲ್ಲಿ ಇಲ್ಲಿಂದ ಇಲ್ಲಿಯವರೆಗೆ ಹಳದಿ’ ಎಂಬ ಅಳತೆ ಮಾತ್ರ ಅದರಲ್ಲಿ ಖಚಿತವಾಗಿ ಇರುತ್ತದೆ. ಕೆಳಗಿನ ಪದಗಳು ಅದರ ಜೊತೆ ಇರಲೇಬೇಕು ಎಂಬ ನಿಯಮ ಇಲ್ಲ. ಹೊರಗೆ ತೆಗೆಯುವ ಸಾಧನ ಆ ಅಳತೆ ಹಿಡಿದುಕೊಂಡು, ಅದರ ಕೆಳಗೆ ಯಾವ ಅಕ್ಷರಗಳಿವೆ ಎಂದು ಹುಡುಕುತ್ತದೆ. ಸ್ಕ್ಯಾನ್ ಪುಟದಲ್ಲಿ ಕೆಳಗೆ ಇರುವುದು ಚಿತ್ರ, ಅಕ್ಷರ ಇಲ್ಲವೇ ಇಲ್ಲ. ಹಾಗಾಗಿ ಸಾಲು ಖಾಲಿ. ಪಕ್ಕದಲ್ಲಿ ನೀವು ಟೈಪ್ ಮಾಡಿದ ಟಿಪ್ಪಣಿ ಮಾತ್ರ ಬರುತ್ತದೆ, ಯಾಕೆಂದರೆ ಅದು ನಿಜವಾದ ಪಠ್ಯ.

ಇನ್ನು ಕನ್ನಡದ ಗೋಜಲು. ನಮ್ಮ ಕಡೆ ಪುಸ್ತಕ, ಪತ್ರಿಕೆಗಳನ್ನು ಎಷ್ಟೋ ಕಾಲ ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಫಾಂಟ್‌ಗಳಲ್ಲೇ ಕಂಪೋಸ್ ಮಾಡಿದೆವು. ಈಗಲೂ ಅಚ್ಚಿನ ಕೆಲಸಕ್ಕೆ ಅದನ್ನೇ ಬಳಸುವವರು ಬಹಳ. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆ ಫಾಂಟ್ ತೆಗೆದುಕೊಳ್ಳಿ. ಅದರಲ್ಲಿ ಕಣ್ಣಿಗೆ ‘ಕ’ ಕಾಣುವ ಜಾಗದಲ್ಲಿ ಕಂಪ್ಯೂಟರಿನ ಲೆಕ್ಕದಲ್ಲಿ ಇರುವುದು ಇಂಗ್ಲಿಷಿನ ‘ಪಿ’ ಮತ್ತು ತಲೆಯ ಮೇಲೆ ಗೀಟಿರುವ ‘ಎ’. ‘ಕನ್ನಡ’ ಎಂಬ ಪದ ಕಾಪಿ ಮಾಡಿ ಅಂಟಿಸಿ ನೋಡಿ, ನಡುವೆ ಪೌಂಡ್ ಚಿಹ್ನೆ ಕೂಡ ಬರುತ್ತದೆ. ಅಕ್ಷರದ ಆಕಾರ ಫಾಂಟ್‌ನಲ್ಲಿದೆ. ಫಾಂಟ್ ಬಿಟ್ಟು ಹೊರಗೆ ಬಂದ ತಕ್ಷಣ ಆಕಾರ ಹೋಯಿತು. ಜೊಟೆರೊದ ತಪ್ಪೂ ಇಲ್ಲ, ಪಿಡಿಎಫ್‌ಅನಾಟ್ಸ್ ತಪ್ಪೂ ಇಲ್ಲ.

ಒಳ್ಳೆಯ ಸುದ್ದಿ ಏನೆಂದರೆ ಈ ಗೋಜಲಿಗೆ ಒಂದು ಕ್ರಮ ಇದೆ. ಹಾಗಾಗಿ ವಾಪಸ್ ತಿರುಗಿಸಬಹುದು. ಹೊರಗೆ ಬಂದ ಪಠ್ಯವನ್ನು ಆಸ್ಕಿಯಿಂದ (ಈ ಹಳೆ ಫಾಂಟ್‌ಗಳ ಪದ್ಧತಿಯನ್ನು ನಾವು ಕರೆಯುವುದು ಹಾಗೆ) ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿ. ನುಡಿಯ ಜೊತೆಗೇ ಪರಿವರ್ತಕ ಬರುತ್ತದೆ, ಉಚಿತ. ಒಂದೇ ಎಚ್ಚರ: ನಿಮ್ಮ ಪುಟಸಂಖ್ಯೆ, ಇಂಗ್ಲಿಷ್ ಪದಗಳು ಅದೇ ಸಾಲಿನಲ್ಲಿ ಇದ್ದರೆ ಅವನ್ನೂ ಕನ್ನಡ ಎಂದುಕೊಂಡು ಬದಲಿಸಿಬಿಡುತ್ತದೆ. ಕನ್ನಡದ ಸಾಲುಗಳನ್ನಷ್ಟೇ ಕೊಡಿ.

ಮೂರನೇ ತರಹದ ಫೈಲ್ ಒಂದಿದೆ. ಅದು ಯೂನಿಕೋಡ್‌ನಲ್ಲೇ ಮಾಡಿದ್ದು. ಆದರೂ ಕಾಪಿ ಮಾಡಿದರೆ ಒತ್ತಕ್ಷರ ಎಲ್ಲೋ, ಕೊಂಬು ಎಲ್ಲೋ ಹೋಗಿರುತ್ತದೆ. ಪಿಡಿಎಫ್ ಪದವನ್ನು ಇಡುವುದಿಲ್ಲ, ಪುಟದ ಮೇಲೆ ಚಿತ್ರಿಸಬೇಕಾದ ಆಕಾರಗಳನ್ನು ಇಡುತ್ತದೆ. ನಮ್ಮ ಲಿಪಿಯಲ್ಲಿ ಒಂದು ಅಕ್ಷರಕ್ಕೆ ಎರಡು ಮೂರು ಆಕಾರ ಸೇರುತ್ತವೆ. ಯಾವ ಆಕಾರ ಯಾವ ಅಕ್ಷರಕ್ಕೆ ಎಂಬ ಪಟ್ಟಿ ಫೈಲ್‌ನಲ್ಲಿ ಸರಿಯಾಗಿ ಇಲ್ಲದಿದ್ದರೆ ಹೀಗಾಗುತ್ತದೆ. ಇಂಥದ್ದಕ್ಕೆ ಪರಿವರ್ತಕ ನಡೆಯುವುದಿಲ್ಲ. ಓಸಿಆರ್, ಅಂದರೆ ಪುಟದ ಚಿತ್ರ ನೋಡಿ ಯಂತ್ರ ಅಕ್ಷರ ಗುರುತಿಸುವುದು, ಅದನ್ನು ಮಾಡಿಸುವುದೇ ವಾಸಿ.

ಅದಕ್ಕೇ ನನ್ನ ಒಂದು ವಿನಂತಿ. ಯಾವುದೇ ಕನ್ನಡ ಪಿಡಿಎಫ್ ಓದಲು ಶುರು ಮಾಡುವ ಮೊದಲು ಒತ್ತಕ್ಷರ ಇರುವ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಸರಿಯಾಗಿ ಬಂದರೆ ಧೈರ್ಯವಾಗಿ ಗುರುತು ಹಾಕಿ. ಬರದಿದ್ದರೆ ಮೊದಲು ಫೈಲ್ ಸರಿ ಮಾಡಿ, ಆಮೇಲೆ ಗುರುತು. ಮುನ್ನೂರು ಪುಟ ಓದಿ ಮುಗಿಸಿದ ಮೇಲೆ ಇದು ಗೊತ್ತಾದರೆ ಬೇಜಾರು ಜಾಸ್ತಿ.

ಶಾಸನದ ವಿದ್ಯಾರ್ಥಿನಿ, ಹಾಸನ
ಅಣ್ಣ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ನನ್ನ ಹತ್ತಿರ ಮೂರೂ ತರಹದ ಫೈಲ್ ಇವೆ. ಹಾಗಾದರೆ ಸ್ಕ್ಯಾನ್‌ಗಳಿಗೆ ಯಾವ ಓಸಿಆರ್? ಕನ್ನಡ, ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿ ಇರುತ್ತವೆ.

ಲಿನಕ್ಸ್ ಗೆಳೆಯ, ಅರಸೀಕೆರೆ
ಟೆಸರಾಕ್ಟ್. 1985ರ ಹೊತ್ತಿಗೆ ಎಚ್‌ಪಿ ಕಂಪನಿಯಲ್ಲಿ ಹುಟ್ಟಿದ್ದು, 2005ರಲ್ಲಿ ಮುಕ್ತವಾಯಿತು. ಕನ್ನಡಕ್ಕೆ ಬೆಂಬಲ ಇದೆ. ಅದನ್ನು ಪಿಡಿಎಫ್‌ಗೆ ನೇರವಾಗಿ ಹಚ್ಚುವುದು ಓಸಿಆರ್‌ಮೈಪಿಡಿಎಫ್ ಎಂಬ ಇನ್ನೊಂದು ಉಚಿತ ಸಾಧನ. ಚಿತ್ರದ ಹಿಂದೆ ಕಾಣದ ಹಾಗೆ ಅಕ್ಷರದ ಪದರ ಸೇರಿಸುತ್ತದೆ. ಭಾಷೆ ಕೊಡುವಾಗ ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಪ್ಲಸ್ ಚಿಹ್ನೆ ಹಾಕಿ ಒಟ್ಟಿಗೆ ಕೊಡಬಹುದು. ಉಬುಂಟು ಎಂಬ ಲಿನಕ್ಸ್‌ನಲ್ಲಿ ಹಾಕಿಕೊಳ್ಳುವುದು ಸುಲಭ, ಕನ್ನಡದ ಭಾಷಾ ಕಡತ ಮಾತ್ರ ಬೇರೆಯಾಗಿ ಹಾಕಿಕೊಳ್ಳಬೇಕು. ವಿಂಡೋಸ್‌ನಲ್ಲಿ ಕಮಾಂಡ್ ಬೇಡ ಎನ್ನುವವರಿಗೆ ಜಿಇಮೇಜ್‌ರೀಡರ್ ಇದೆ. ಅದರೊಳಗೂ ಓಡುವುದು ಟೆಸರಾಕ್ಟೇ, ಬಟನ್ ಒತ್ತಿ ಕೆಲಸ ಮಾಡಬಹುದು.

ಡಿಟಿಪಿ ಅಣ್ಣ ಹೇಳಿದ ಮೂರನೇ ತರಹದ ಫೈಲ್‌ಗೆ ‘ಫೋರ್ಸ್ ಓಸಿಆರ್’ ಆಯ್ಕೆ ಕೊಡಬೇಕು. ಅದು ಪುಟವನ್ನು ಚಿತ್ರ ಮಾಡಿ ಹೊಸದಾಗಿ ಓದುತ್ತದೆ. ಅದಕ್ಕೇ ಗುರುತು ಹಾಕುವ ಮೊದಲೇ ಇದನ್ನು ಮುಗಿಸಿ. ಮೂಲ ಫೈಲ್ ಹಾಗೇ ಬೇರೆ ಇಟ್ಟುಕೊಳ್ಳಿ.

ಲೈಬ್ರರಿ ಮೇಷ್ಟ್ರು, ಹಾಸನ
ಎಪಿಗ್ರಾಫಿಯಾ ಬಗ್ಗೆ ಮಾತ್ರ ಸ್ವಲ್ಪ ಹುಷಾರು. ಆ ಸಂಪುಟಗಳಲ್ಲಿ ಇಂಗ್ಲಿಷ್ ಅನುವಾದ ಒಂದು ಕಡೆ, ರೋಮನ್ ಲಿಪಿಯ ಪಾಠ ಒಂದು ಕಡೆ, ಕನ್ನಡ ಲಿಪಿಯ ಪಾಠ ಇನ್ನೊಂದು ಕಡೆ ಇದೆ. ಅನುವಾದದ ಭಾಗ ಓಸಿಆರ್‌ನಲ್ಲಿ ಚೆನ್ನಾಗಿ ಬರುತ್ತದೆ. ರೋಮನ್ ಪಾಠದಲ್ಲಿ ದೀರ್ಘ ತೋರಿಸಲು ಹಾಕಿದ ಮೇಲ್ಗೀಟು, ಕೆಳಗಿನ ಚುಕ್ಕಿ ಕಳೆದುಹೋಗುತ್ತವೆ. ಹಳಗನ್ನಡದ ಪಾಠ, ಅದೂ ನೂರಿಪ್ಪತ್ತು ವರ್ಷದ ಹಿಂದಿನ ಅಚ್ಚು, ಯಂತ್ರಕ್ಕೆ ಕಷ್ಟ. ಶಾಸನದ ಪಾಠದಲ್ಲಿ ಒಂದು ಅಕ್ಷರ ಹೋದರೆ ಊರಿನ ಹೆಸರೇ ಬೇರೆ ಆಗುತ್ತದೆ.

ಅಲ್ಲಿ ನಾನಾದರೆ ಪಠ್ಯದ ಗುರುತು ಹಾಕುವುದೇ ಇಲ್ಲ. ಜೊಟೆರೊದಲ್ಲಿ ‘ಸೆಲೆಕ್ಟ್ ಏರಿಯಾ’ ಎಂಬ ಸಾಧನ ಇದೆ. ಶಾಸನದ ಆ ಸಾಲುಗಳ ಸುತ್ತ ಚೌಕ ಎಳೆಯಿರಿ. ಅದು ಚಿತ್ರವಾಗಿ ನೋಟ್‌ಗೆ ಬರುತ್ತದೆ. ಕೆಳಗೆ ಟಿಪ್ಪಣಿಯಲ್ಲಿ ಪಾಠವನ್ನು ನೀವೇ ಕಣ್ಣಿಟ್ಟು ಟೈಪ್ ಮಾಡಿ. ಮೂಲದ ಚಿತ್ರ ಮತ್ತು ನಿಮ್ಮ ಪಾಠ ಅಕ್ಕಪಕ್ಕ ಇರುತ್ತವೆ. ಯಾರಾದರೂ ಪ್ರಶ್ನೆ ಮಾಡಿದರೆ ತೋರಿಸಬಹುದು.

ಇನ್ನೊಂದು, ಪುಟಸಂಖ್ಯೆ. ಪಿಡಿಎಫ್‌ನ ಲೆಕ್ಕ ರಕ್ಷಾಪುಟದಿಂದ ಶುರು. ಅಚ್ಚಿನ ಲೆಕ್ಕ ಬೇರೆ, ಅದರಲ್ಲೂ ಮುನ್ನುಡಿಗೆ ರೋಮನ್ ಅಂಕಿ. ಸಾಧನ ಕೊಟ್ಟ ಸಂಖ್ಯೆಯನ್ನೇ ಅಡಿಟಿಪ್ಪಣಿಗೆ ಹಾಕಿದರೆ ಓದುವವರಿಗೆ ಆ ಪುಟ ಸಿಗುವುದಿಲ್ಲ. ಜೊಟೆರೊದಲ್ಲಿ ಒಂದು ಗುರುತಿನ ಮೆನುವಿನಿಂದ ಪುಟಸಂಖ್ಯೆ ತಿದ್ದಿ, ಉಳಿದ ಪುಟಗಳಿಗೂ ಅದನ್ನೇ ಮುಂದುವರಿಸು ಎನ್ನಬಹುದು. ಓದು ಶುರು ಮಾಡುವಾಗಲೇ ಇದನ್ನು ಸರಿಪಡಿಸಿಕೊಳ್ಳಿ. ರೈಸ್ ಸಂಪುಟದ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಇದೆ, ಬೇಲೂರು ಇಷ್ಟು, ಅರಸೀಕೆರೆ ಇಷ್ಟು ಅಂತ. ಆ ಸಂಖ್ಯೆಯನ್ನು ಪ್ರತಿ ಗುರುತಿಗೂ ಟ್ಯಾಗ್ ಆಗಿ ಹಾಕಿ. ಪುಟಕ್ಕಿಂತ ಅದೇ ನಿಮಗೆ ಮುಖ್ಯ.

ಕಾಫಿ ತೋಟ, ಮೂಡಿಗೆರೆ
ನಾನು ಸಂಶೋಧಕನಲ್ಲ, ಬೆಳೆಗಾರ. ಆದರೂ ಇದು ನನಗೂ ಬೇಕಾದ ವಿಷಯ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಕೈಪಿಡಿ, ಕಾಫಿ ಮಂಡಳಿಯ ಸುತ್ತೋಲೆ ಎಲ್ಲ ಪಿಡಿಎಫ್‌ನಲ್ಲೇ ವಾಟ್ಸಾಪ್‌ಗೆ ಬರುತ್ತವೆ. ಫೋನ್‌ನಲ್ಲೇ ಓದಿ ಗುರುತು ಹಾಕುತ್ತೇನೆ. ಕಾಫಿ ಗಿಡದ ಕಾಂಡ ಕೊರೆಯುವ ಬೋರರ್ ದುಂಬಿ ಹಾರಾಡುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್. ಆ ಹೊತ್ತಿಗೆ ಏನು ಮಾಡಬೇಕು ಎಂಬ ಸಾಲುಗಳು ಒಂದೇ ಕಡೆ ಸಿಗಬೇಕು. ರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣದ ಅಳತೆ ಇರುವ ಪಟ್ಟಿಗೆ ಗುರುತು ಹಾಕಿದರೆ ಅಂಕಿಗಳೆಲ್ಲ ಕಲಸಿ ಬರುತ್ತವೆ. ಅರ್ಧ ಪರ್ಸೆಂಟ್ ದ್ರಾವಣಕ್ಕೆ 200 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಎಂದು ನಮಗೆ ಬಾಯಿಪಾಠ. ಹೊಸ ಔಷಧಿಯ ಅಳತೆ ಹಾಗಲ್ಲವಲ್ಲ, ತಪ್ಪಿದರೆ ಗಿಡಕ್ಕೇ ಪೆಟ್ಟು. ತೋಟದಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಫೋನ್‌ಗೆ ಏನು ದಾರಿ?

ಲೈಬ್ರರಿ ಮೇಷ್ಟ್ರು, ಹಾಸನ
ಸರ್, ಜೊಟೆರೊ ಆಂಡ್ರಾಯ್ಡ್‌ಗೂ ಐಫೋನ್‌ಗೂ ಇದೆ. ಮನೆಯಲ್ಲಿ ನೆಟ್ ಇರುವಾಗ ಫೈಲ್ ಇಳಿಸಿಟ್ಟುಕೊಂಡರೆ ತೋಟದಲ್ಲಿ ನೆಟ್ ಇಲ್ಲದೆಯೂ ಓದಿ ಗುರುತು ಹಾಕಬಹುದು. ಫೈಲ್‌ಗಳಿಗೆ ಅವರ ಸರ್ವರ್‌ನಲ್ಲಿ 300 ಎಂಬಿ ಜಾಗ ಉಚಿತ. ಗುರುತು ಮತ್ತು ಟಿಪ್ಪಣಿ ಆ ಲೆಕ್ಕಕ್ಕೆ ಸೇರುವುದಿಲ್ಲ. ಕೈಪಿಡಿಗಳಿಗೆ ಅಷ್ಟು ಸಾಕು. ಗುರುತಿಗೆ ‘ಏಪ್ರಿಲ್’, ‘ಅಕ್ಟೋಬರ್’ ಎಂದು ಟ್ಯಾಗ್ ಹಾಕಿಕೊಳ್ಳಿ. ಪಟ್ಟಿಗಳಿಗೆ ಚೌಕ ಎಳೆಯುವ ಸಾಧನವನ್ನೇ ಬಳಸಿ, ಸಾಲಿನ ಗುರುತು ಬೇಡವೇ ಬೇಡ. ಔಷಧಿಯ ಅಳತೆ ಇದ್ದ ಹಾಗೇ ಚಿತ್ರವಾಗಿ ಬರಬೇಕು.

ಸಕಲೇಶಪುರದ ಓದುಗ
ಪಿಡಿಎಫ್ ಬಿಟ್ಟು ಕಿಂಡಲ್ ಬಗ್ಗೆಯೂ ಹೇಳಿಬಿಡುತ್ತೇನೆ. ಕಿಂಡಲ್ ಯಂತ್ರವನ್ನು ಕೇಬಲ್‌ನಿಂದ ಕಂಪ್ಯೂಟರಿಗೆ ಹಚ್ಚಿದರೆ ‘ಡಾಕ್ಯುಮೆಂಟ್ಸ್’ ಫೋಲ್ಡರ್‌ನಲ್ಲಿ ‘ಮೈ ಕ್ಲಿಪಿಂಗ್ಸ್’ ಎಂಬ ಸಾದಾ ಪಠ್ಯದ ಫೈಲ್ ಸಿಗುತ್ತದೆ. ಗುರುತು ಹಾಕಿದ್ದೆಲ್ಲ ಅದರಲ್ಲಿ ಒಂದರ ಕೆಳಗೆ ಒಂದು ಇರುತ್ತದೆ. ಅಳಿಸಿದ ಗುರುತೂ ಅಲ್ಲಿ ಉಳಿದಿರುತ್ತದೆ, ಅದು ಗಮನದಲ್ಲಿರಲಿ. ಅಮೆಜಾನ್‌ನಿಂದ ಕೊಂಡ ಪುಸ್ತಕದ ಗುರುತುಗಳು ಅವರ ವೆಬ್‌ನ ನೋಟ್‌ಬುಕ್ ಪುಟದಲ್ಲೂ ಕಾಣುತ್ತವೆ. ಒಂದು ಪುಸ್ತಕದಿಂದ ಎಷ್ಟು ಭಾಗ ಹೊರಗೆ ತೆಗೆಯಬಹುದು ಎಂಬುದಕ್ಕೆ ಪ್ರಕಾಶಕರು ಮಿತಿ ಹಾಕಿರುತ್ತಾರೆ. ಮಿತಿ ದಾಟಿದರೆ ಸಾಲಿನ ಬದಲು ಎಚ್ಚರಿಕೆ ಮಾತ್ರ ಬರುತ್ತದೆ.

ಇ-ಪಬ್ ಪುಸ್ತಕಗಳಿಗೆ ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶ ಬಳಸಿ. 2020ರ 5ನೇ ಆವೃತ್ತಿಯಿಂದ ಅದರಲ್ಲಿ ಓದುವಾಗಲೇ ಗುರುತು ಹಾಕಿ ಹೊರಗೆ ತೆಗೆಯಬಹುದು. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಓದುವವರು ಸೆಟ್ಟಿಂಗ್‌ನಲ್ಲಿ ಒಂದು ಆಯ್ಕೆ ಒತ್ತಿದರೆ ಗುರುತುಗಳು ತಾವಾಗೇ ನಿಮ್ಮ ಡ್ರೈವ್‌ನ ಒಂದು ಡಾಕ್ಯುಮೆಂಟ್‌ಗೆ ಬಂದು ಸೇರುತ್ತವೆ.

ಕೆಎಎಸ್ ತಯಾರಿ, ಕಡೂರು
ಎಲ್ಲವನ್ನೂ ಓದಿದೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹೊರಗೆ ತೆಗೆಯುವುದು ಸುಲಭ ಆದಷ್ಟೂ ಗುರುತು ಹಾಕುವುದು ಜಾಸ್ತಿ ಆಗುತ್ತದೆ. ಆರ್ಥಿಕ ಸಮೀಕ್ಷೆಯಂಥ ದಪ್ಪ ವರದಿಯಿಂದ ತೆಗೆದ ನೋಟ್ ಅರ್ಧ ವರದಿಯಷ್ಟೇ ಉದ್ದ ಇದ್ದರೆ ಅದನ್ನು ಮತ್ತೆ ಯಾರು ಓದುತ್ತಾರೆ? ಪರೀಕ್ಷೆಗೆ ಕೈಯಲ್ಲಿ ಬರೆದ ನೋಟ್ಸೇ ಗಟ್ಟಿ. ಸ್ವಂತ ಮಾತಿನಲ್ಲಿ ಬರೆದದ್ದು ಮಾತ್ರ ತಲೆಯಲ್ಲಿ ನಿಲ್ಲುತ್ತದೆ.

ಶಾಸನದ ವಿದ್ಯಾರ್ಥಿನಿ, ಹಾಸನ
ಪರೀಕ್ಷೆಗೆ ಅದು ಸರಿ ಇರಬಹುದು. ನನ್ನ ಕೆಲಸದಲ್ಲಿ ಮೂಲದ ಸಾಲು ಅಕ್ಷರಕ್ಕೆ ಅಕ್ಷರ ಬೇಕು. ನಾನು ಸ್ವಂತ ಮಾತಿನಲ್ಲಿ ಬರೆದುಕೊಂಡರೆ, ಆರು ತಿಂಗಳು ಬಿಟ್ಟು ನೋಡಿದಾಗ ಅದು ಶಾಸನದ ಮಾತೋ ನನ್ನ ಮಾತೋ ಗೊತ್ತಾಗುವುದಿಲ್ಲ. ಎರಡೂ ಬೇಕು, ಆದರೆ ಬೇರೆ ಬೇರೆಯಾಗಿ ಕಾಣಬೇಕು.

ಲಿನಕ್ಸ್ ಗೆಳೆಯ, ಅರಸೀಕೆರೆ
ಇಬ್ಬರ ಮಾತಿಗೂ ಒಂದೇ ಪರಿಹಾರ ಇದೆ. ಪ್ರತಿ ಗುರುತಿಗೂ ಒಂದು ಸಾಲಿನ ಟಿಪ್ಪಣಿ ಬರೆಯುವ ನಿಯಮ ಇಟ್ಟುಕೊಳ್ಳಿ: ‘ಇದು ನನಗೆ ಯಾಕೆ ಬೇಕು’. ಬರೆಯಲು ಏನೂ ತೋಚದಿದ್ದರೆ ಆ ಗುರುತೇ ಬೇಡ. ಹೊರಗೆ ತೆಗೆದಾಗ ಮೂಲದ ಸಾಲು ಉದ್ಧರಣೆಯಾಗಿ, ನಿಮ್ಮ ಮಾತು ಅದರ ಜೊತೆ ಬೇರೆಯಾಗಿ ಬರುತ್ತದೆ. ಜೊಟೆರೊ, ಪಿಡಿಎಫ್‌ಅನಾಟ್ಸ್ ಎರಡೂ ಹೀಗೇ ಕೊಡುತ್ತವೆ. ಅಷ್ಟೇ ಅಲ್ಲ, ನುಡಿ ಫಾಂಟ್‌ನ ಫೈಲ್ ಆಗಿದ್ದರೂ ನೀವು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಟಿಪ್ಪಣಿ ಕೆಡುವುದಿಲ್ಲ. ಸಾಲು ಗೋಜಲಾಗಿ ಬಂದರೂ ಯಾವ ಪುಟದಲ್ಲಿ ಏನಿತ್ತು ಎಂದು ಅದರಿಂದಲೇ ತಿಳಿಯುತ್ತದೆ.

ಕೆಎಎಸ್ ತಯಾರಿ, ಕಡೂರು
ಇದು ಒಪ್ಪುವ ಮಾತು. ಈ ಸಲದ ಬಜೆಟ್ ಭಾಷಣದ ಪ್ರತಿಯನ್ನು ಹೀಗೆ ಓದಿ ನೋಡುತ್ತೇನೆ. ನನ್ನ ತಮ್ಮ ಮ್ಯಾಕ್ ಬಳಸುತ್ತಾನೆ, ಅದಕ್ಕೆ ಬೇರೆ ಏನಾದರೂ ಇದೆಯೇ?

ಲಿನಕ್ಸ್ ಗೆಳೆಯ, ಅರಸೀಕೆರೆ
ಮ್ಯಾಕ್‌ಗೆ ಸ್ಕಿಮ್. ಉಚಿತ. ನೋಟ್ಸ್ ಅನ್ನು ಪಠ್ಯವಾಗಿ ಹೊರಗೆ ಕೊಡುತ್ತದೆ. ಆದರೆ ಅದು ಗುರುತುಗಳನ್ನು ಪಿಡಿಎಫ್ ಒಳಗೆ ಇಡದೆ ಮ್ಯಾಕ್‌ನ ಕಡತ ವ್ಯವಸ್ಥೆಯ ಹೆಚ್ಚುವರಿ ಮಾಹಿತಿಯಲ್ಲಿ ಇಡುತ್ತದೆ. ಪೆನ್‌ಡ್ರೈವ್‌ಗೆ ಹಾಕಿ ವಿಂಡೋಸ್‌ಗೆ ಕೊಟ್ಟರೆ ಗುರುತು ಕಾಣುವುದಿಲ್ಲ. ಕಳುಹಿಸುವ ಮೊದಲು ಗುರುತು ಸೇರಿಸಿದ ಪಿಡಿಎಫ್ ಆಗಿ ಎಕ್ಸ್‌ಪೋರ್ಟ್ ಮಾಡಲಿ.

ಡಿಟಿಪಿ ಅಣ್ಣ, ಹಾಸನ
ಕಳುಹಿಸುವ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಗುರುತು ಹಾಕಿದ ಪಿಡಿಎಫ್ ಅನ್ನು ‘ಪ್ರಿಂಟ್ ಟು ಪಿಡಿಎಫ್’ ಕೊಟ್ಟು ಹೊಸ ಫೈಲ್ ಮಾಡಬೇಡಿ. ಬಣ್ಣ ಪುಟದೊಳಗೆ ಬೆರೆತುಹೋಗುತ್ತದೆ. ಕಣ್ಣಿಗೆ ಗುರುತು ಕಾಣುತ್ತದೆ, ಆದರೆ ಯಾವ ಸಾಧನಕ್ಕೂ ಅದು ಗುರುತು ಎಂದು ಗೊತ್ತಾಗುವುದಿಲ್ಲ. ಫೈಲ್ ಸಣ್ಣದು ಮಾಡುತ್ತೇವೆ ಎನ್ನುವ ವೆಬ್‌ಸೈಟ್‌ಗಳಲ್ಲೂ ಹೀಗಾಗುವುದುಂಟು. ನಮ್ಮ ಅಂಗಡಿಗೆ ಹೀಗೆ ಬಂದ ಪ್ರಬಂಧದ ಪ್ರತಿಗಳಲ್ಲಿ ಗೈಡ್ ಬರೆದ ತಿದ್ದುಪಡಿಗಳನ್ನು ಒಂದೊಂದಾಗಿ ಕಣ್ಣಲ್ಲೇ ಹುಡುಕಿ ಟೈಪ್ ಮಾಡಬೇಕಾಗುತ್ತದೆ. ಗೈಡ್‌ಗೆ ಕಳುಹಿಸುವಾಗ ಗುರುತು ಒಳಗೇ ಉಳಿಸಿದ ಅಥವಾ ಎಕ್ಸ್‌ಪೋರ್ಟ್ ಮಾಡಿದ ಫೈಲನ್ನೇ ಕಳುಹಿಸಿ. ಅವರು ವಾಪಸ್ ಕಳುಹಿಸುವಾಗಲೂ ಪ್ರಿಂಟ್ ಕೊಡದೆ ಸೇವ್ ಮಾತ್ರ ಮಾಡಲಿ ಎಂದು ಮೊದಲೇ ಕೇಳಿಕೊಳ್ಳಿ.